ಎಣ್ಣೆಕಾಳಿನ ಜಿಡ್ಡು ಮತ್ತು ಯಕೃತ್ತಿನ ಕಾವಲು



ಡಬ್ಬಿಯಲ್ಲಿ ತುಂಬಿಟ್ಟ ಅಗಸೆ ಎಣ್ಣೆ ಕೆಲವೇ ವಾರಗಳಲ್ಲಿ ಕಮಟು ವಾಸನೆ ಹೊಡೆಯುತ್ತದೆ. ಕುಸುಬೆ ಎಣ್ಣೆ ಅದಕ್ಕಿಂತ ಸ್ವಲ್ಪ ಹೆಚ್ಚು ದಿನ ತಡೆಯುತ್ತದೆ. ಅದೇ ಗೂಡಿನಲ್ಲಿಟ್ಟ ಎಳ್ಳೆಣ್ಣೆಯಾದರೋ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಇದು ನಮ್ಮ ಮನೆಗಳ ಹೆಣ್ಣುಮಕ್ಕಳೆಲ್ಲರೂ ಬಲ್ಲ ಸಂಗತಿ. ಹೀಗೇಕೆ ಎಂದು ವಿಚಾರಿಸುತ್ತಾ ಹೋದರೆ ಉತ್ತರವು ಅಡಿಗೆ ಮನೆಯಲ್ಲಿಯೇ ನಿಲ್ಲುವುದಿಲ್ಲ. ನಮ್ಮ ಬಲಗಡೆಯ ಪಕ್ಕೆಲುಬುಗಳ ಕೆಳಗಿರುವ ಯಕೃತ್ತಿನವರೆಗೂ ಅದು ಹೋಗುತ್ತದೆ. ಡಬ್ಬಿಯ ಎಣ್ಣೆಯನ್ನು ಕೆಡಿಸುವ ರಾಸಾಯನಿಕ ಕ್ರಿಯೆ ಯಾವುದೋ, ಯಕೃತ್ತಿನ ಜೀವಕೋಶಗಳನ್ನು ಕೆಡಿಸುವ ಕ್ರಿಯೆಯೂ ಬಹುಮಟ್ಟಿಗೆ ಅದೇ ಆಗಿದೆ. ಎಣ್ಣೆಯನ್ನು ಕಾಯುವ ಪದಾರ್ಥಗಳಲ್ಲಿ ಕೆಲವು ಯಕೃತ್ತನ್ನೂ ಕಾಯುತ್ತವೆ. ಆ ಪದಾರ್ಥಗಳನ್ನು ಬೆಳೆಯುವವರು ತಾವು. ಆ ಕಾವಲನ್ನು ಮುರಿಯುವ ಒಂದು ವಿಷವೂ ತಮ್ಮ ಕಣದಲ್ಲಿಯೇ, ತೇವದ ಕಡಲೆಕಾಯಿಯಲ್ಲಿ ಹುಟ್ಟುತ್ತದೆ. ಆದುದರಿಂದಲೇ ಈ ವಿಷಯವನ್ನು ವೈದ್ಯರ ಪತ್ರಿಕೆಗೆ ಬಿಡದೆ ಕೃಷಿಕರ ಪತ್ರಿಕೆಯಲ್ಲಿ ಬರೆಯಬೇಕಾಗಿದೆ.

ಯಕೃತ್ತು ಮಾಡುವ ಕೆಲಸ

ಯಕೃತ್ತನ್ನು ಪಿತ್ತಜನಕಾಂಗ ಎಂದೂ ಕರೆಯುವರು. ಆಸ್ಪತ್ರೆಯ ಮಾತಿನಲ್ಲಿ ಅದು ಲಿವರ್. ವಯಸ್ಕರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಇದನ್ನು ನಿಯಂತ್ರಿತ ಮಾರುಕಟ್ಟೆಯ ಪ್ರಾಂಗಣಕ್ಕೆ ಹೋಲಿಸಬಹುದು. ಕರುಳಿನಿಂದ ಹೀರಿಕೊಂಡ ಆಹಾರಾಂಶಗಳಲ್ಲಿ ಹೆಚ್ಚಿನವು ಮೊದಲು ಇಲ್ಲಿಗೆ ಬರುತ್ತವೆ. ಜಿಡ್ಡು ಮಾತ್ರ ಸ್ವಲ್ಪ ಸುತ್ತು ದಾರಿಯಿಂದ ಬಂದರೂ ಕೊನೆಗೆ ಸೇರುವುದು ಇಲ್ಲಿಗೇ. ಬಂದ ಮಾಲನ್ನು ವಿಂಗಡಿಸುವುದು, ಬೇಕಾದುದನ್ನು ದಾಸ್ತಾನಿಡುವುದು, ಉಳಿದುದನ್ನು ದೇಹದ ಬೇರೆ ಭಾಗಗಳಿಗೆ ರವಾನಿಸುವುದು, ವಿಷವಿದ್ದರೆ ಅದನ್ನು ಮುರಿದು ಹೊರಗೆ ಹಾಕುವುದು, ಇಷ್ಟೂ ಕೆಲಸ ಯಕೃತ್ತಿನ ಜೀವಕೋಶಗಳದು. ಇಷ್ಟು ಕೆಲಸಕ್ಕೆ ಉರುವಲೂ ಹೆಚ್ಚು ಬೇಕು, ಆಮ್ಲಜನಕವೂ ಹೆಚ್ಚು ಬೇಕು. ಒಲೆ ಜೋರಾಗಿ ಉರಿದಷ್ಟೂ ಕಿಡಿ ಹಾರುವುದು ಹೆಚ್ಚು. ಈ ಕಿಡಿಗಳ ವಿಚಾರವೇ ನಮ್ಮ ಲೇಖನದ ತಿರುಳು.

ಜಿಡ್ಡು ಕೆಡುವ ಬಗೆ

ಎಣ್ಣೆಯ ಮುಖ್ಯ ಭಾಗ ಕೊಬ್ಬಿನಾಮ್ಲಗಳು. ಇವು ಇಂಗಾಲದ ಪರಮಾಣುಗಳು ಸರಪಣಿಯಂತೆ ಸೇರಿ ಆದವು. ಸರಪಣಿಯ ಕೊಂಡಿಗಳೆಲ್ಲವೂ ಒಂಟಿ ಬಂಧಗಳಾಗಿದ್ದರೆ ಅದು ಸಂತೃಪ್ತ ಕೊಬ್ಬು. ಕೊಬ್ಬರಿ ಎಣ್ಣೆಯಲ್ಲಿ ಇಂತಹುದೇ ಶೇಕಡಾ 90ರಷ್ಟಿದ್ದು, ಚಳಿಗೆ ಅದು ಗಟ್ಟಿಯಾಗುವುದೂ ಇದರಿಂದಲೇ. ನಡುವೆ ಒಂದು ಜೋಡಿ ಬಂಧವಿದ್ದರೆ ಅದು ಓಲಿಕ್ ಆಮ್ಲ. ಕಡಲೆಕಾಯಿ ಎಣ್ಣೆಯಲ್ಲಿ ಇದೇ ಹೆಚ್ಚು. ಎರಡಿದ್ದರೆ ಲಿನೋಲಿಕ್ ಆಮ್ಲ. ಕುಸುಬೆ ಎಣ್ಣೆಯಲ್ಲಿ ನೂರಕ್ಕೆ ಸುಮಾರು 75 ಭಾಗ ಇದು. ಮೂರಿದ್ದರೆ ಲಿನೋಲೆನಿಕ್ ಆಮ್ಲ. ಅಗಸೆ ಎಣ್ಣೆಯ ಅರ್ಧ ಭಾಗ ಇದೇ ಆಗಿದೆ.

ಎರಡು ಜೋಡಿ ಬಂಧಗಳ ನಡುವೆ ಸಿಕ್ಕಿಕೊಂಡಿರುವ ಜಲಜನಕದ ಪರಮಾಣುವಿನ ಹಿಡಿತ ಸಡಿಲ. ಯಾವುದಾದರೊಂದು ಚುರುಕಾದ ಕಣ ಬಂದು ಅದನ್ನು ಕಿತ್ತುಕೊಂಡರೆ ಕೊಬ್ಬಿನಾಮ್ಲದಲ್ಲಿ ಒಂದು ಗಾಯ ಉಳಿಯುತ್ತದೆ. ಆಮ್ಲಜನಕ ಆ ಗಾಯಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಅಂಟಿಸಿಕೊಂಡ ಕೊಬ್ಬಿನಾಮ್ಲ ಸುಮ್ಮನಿರದೆ ಪಕ್ಕದ ಕೊಬ್ಬಿನಾಮ್ಲದ ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಅದು ಅದರ ಪಕ್ಕದ್ದನ್ನು. ಬಣವೆಗೆ ಬಿದ್ದ ಕಿಡಿ ಹುಲ್ಲಿನಿಂದ ಹುಲ್ಲಿಗೆ ಹಬ್ಬಿದ ಹಾಗೆ ಇದು ಹಬ್ಬುತ್ತದೆ. ಇದಕ್ಕೆ ಜಿಡ್ಡಿನ ಉತ್ಕರ್ಷಣ ಎಂದು ಹೆಸರು. ಓಲಿಕ್ ಆಮ್ಲಕ್ಕೆ ಹೋಲಿಸಿದರೆ ಲಿನೋಲಿಕ್ ಆಮ್ಲವು ಸುಮಾರು 10 ಪಟ್ಟು ವೇಗವಾಗಿಯೂ ಲಿನೋಲೆನಿಕ್ ಆಮ್ಲವು 20 ಪಟ್ಟಿಗೂ ಮೀರಿದ ವೇಗದಿಂದಲೂ ಹೀಗೆ ಕೆಡುತ್ತವೆ. ಕಡಲೆಕಾಯಿ, ಕುಸುಬೆ, ಅಗಸೆ, ಈ ಎಣ್ಣೆಗಳು ಕಮಟಾಗುವ ಸರದಿಯೂ ಇದೇ ಎಂಬುದನ್ನು ಗಮನಿಸಿರಿ.

ಹಾಗಾದರೆ ಬೇಗ ಕೆಡುವ ಈ ಕೊಬ್ಬಿನಾಮ್ಲಗಳನ್ನು ತಿನ್ನದೆ ಬಿಟ್ಟರಾಗದೆ? ಆಗದು. 1929ರಲ್ಲಿ ಅಮೆರಿಕೆಯ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಇಲಿಗಳಿಗೆ ಜಿಡ್ಡನ್ನು ಪೂರ್ತಿಯಾಗಿ ತೆಗೆದ ಆಹಾರ ಕೊಟ್ಟು ನೋಡಿದರು. ಇಲಿಗಳ ಬೆಳವಣಿಗೆ ನಿಂತಿತು, ಚರ್ಮ ಹೊಪ್ಪಳೆ ಎದ್ದಿತು, ಮೂತ್ರಪಿಂಡಗಳು ಕೆಟ್ಟವು. ಲಿನೋಲಿಕ್ ಆಮ್ಲವಿರುವ ಜಿಡ್ಡನ್ನು ಸ್ವಲ್ಪವೇ ಕೊಟ್ಟಾಗ ಚೇತರಿಸಿಕೊಂಡವು. ಲಿನೋಲಿಕ್, ಲಿನೋಲೆನಿಕ್ ಎರಡನ್ನೂ ನಮ್ಮ ದೇಹ ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಜೀವಕೋಶದ ಸುತ್ತಲಿನ ಪೊರೆ ಮೆದುವಾಗಿ, ಬಳುಕುವಂತಿರಬೇಕಾದರೆ ಇವು ಬೇಕೇ ಬೇಕು. ಬೇಕಾದ ವಸ್ತುವೇ ಬೇಗ ಕೆಡುವ ವಸ್ತುವೂ ಆಗಿರುವುದು ಇಲ್ಲಿಯ ತೊಡಕು.

ಜಿಡ್ಡು ಬರೀ ಉರುವಲಲ್ಲ

ಜಿಡ್ಡೆಂದರೆ ಉರಿಸಿ ಶಕ್ತಿ ಪಡೆಯುವ ಪದಾರ್ಥ, ಮೈಗೆ ಕೊಬ್ಬು ಕೂಡಿಸುವ ಪದಾರ್ಥ, ಇಷ್ಟೇ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಕೆಲವು ಬಗೆಯ ಜಿಡ್ಡುಗಳು ಓಲೆಕಾರನಂತೆ ಒಂದು ಜೀವಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುತ್ತವೆಂಬುದು ಕ್ರಮೇಣ ತಿಳಿಯಿತು. ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1935ರಲ್ಲಿ ಪ್ರಾಸ್ಟಗ್ಲಾಂಡಿನ್ ಎಂದು ಹೆಸರಿಟ್ಟ ಪದಾರ್ಥ ಇಂತಹುದು. ಇವು ಲಿನೋಲಿಕ್ ಆಮ್ಲದ ಕುಲದಿಂದ ಹುಟ್ಟಿ, ಗಾಯವಾದ ಕಡೆ ಉರಿ, ಊತ, ಜ್ವರಗಳನ್ನು ಏಳಿಸುತ್ತವೆ. ಇವುಗಳ ಮೇಲಿನ ಸಂಶೋಧನೆಗೆ 1982ರ ನೊಬೆಲ್ ಬಹುಮಾನ ಬರ್ಗ್‌ಸ್ಟ್ರಾಮ್, ಸ್ಯಾಮ್ಯುಯೆಲ್ಸನ್ ಮತ್ತು ವೇನ್ ಅವರಿಗೆ ದೊರೆಯಿತು. ಲಿನೋಲೆನಿಕ್ ಆಮ್ಲದ ಕುಲದಿಂದ ಹುಟ್ಟುವ ಓಲೆಕಾರರು ಸಾಮಾನ್ಯವಾಗಿ ಸೌಮ್ಯ ಸ್ವಭಾವದವು. ಉರಿಯನ್ನು ತಗ್ಗಿಸುವ ಕಡೆಗೆ ಇವುಗಳ ಒಲವು. ಈ ಕುಲದ ಉದ್ದ ಸರಪಣಿಯ ಕೊಬ್ಬಿನಾಮ್ಲಗಳು ಯಕೃತ್ತಿನ ಜೀವಕೋಶದೊಳಗೆ ಹೋಗಿ, ಜಮೆಯಾದ ಕೊಬ್ಬನ್ನು ಉರಿಸುವ ಕಿಣ್ವಗಳನ್ನು ಹೆಚ್ಚಿಸುವಂತೆ ಸೂಚನೆ ಕೊಡುತ್ತವೆಂದೂ ತಿಳಿದುಬಂದಿದೆ.

ಎರಡು ಕುಲಗಳ ಕೊಬ್ಬಿನಾಮ್ಲಗಳನ್ನೂ ಉದ್ದ ಮಾಡುವ ಕಿಣ್ವ ಯಕೃತ್ತಿನಲ್ಲಿ ಒಂದೇ. ಒಂದೇ ಗಾಣಕ್ಕೆ ಇಬ್ಬರು ಕಾಳು ತಂದ ಹಾಗೆ. ಲಿನೋಲಿಕ್ ಆಮ್ಲ ವಿಪರೀತ ಬಂದರೆ ಲಿನೋಲೆನಿಕ್ ಆಮ್ಲದ ಸರದಿ ಬರುವುದೇ ಇಲ್ಲ. ಸೂರ್ಯಕಾಂತಿ ಎಣ್ಣೆಯೊಂದನ್ನೇ ಮೂರು ಹೊತ್ತೂ ಬಳಸುವ ಮನೆಗಳು ಈಗ ಬಹಳ. ಉತ್ತರ ಕರ್ನಾಟಕದ ಹಿರಿಯರು ಜೋಳದ ರೊಟ್ಟಿಯ ಜೊತೆಗೆ ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂದು ಸರದಿಯ ಮೇಲೆ ಬಳಸುತ್ತಿದ್ದುದು ಈ ದೃಷ್ಟಿಯಿಂದ ಒಳ್ಳೆಯ ಪದ್ಧತಿ. ದಕ್ಷಿಣದ ಓದುಗರಿಗೆ ಒಂದು ಮಾತು: ಅಲ್ಲಿ ಹಿಂಡಿ ಎಂದರೆ ಚಟ್ನಿಪುಡಿ, ದನದ ಹಿಂಡಿಯಲ್ಲ. ಅಗಸೆಯಲ್ಲಿರುವ ಲಿನೋಲೆನಿಕ್ ಆಮ್ಲದ ಸ್ವಲ್ಪ ಭಾಗ ಮಾತ್ರ ನಮ್ಮ ಯಕೃತ್ತಿನಲ್ಲಿ ಉದ್ದ ಸರಪಣಿಯ ರೂಪಕ್ಕೆ ತಿರುಗುತ್ತದೆಂಬುದನ್ನೂ ಹೇಳಬೇಕು. ಕರಾವಳಿಯವರಿಗೆ ಬೂತಾಯಿ, ಬಂಗುಡೆ ಮೀನುಗಳಲ್ಲಿ ಅದು ಸಿದ್ಧವಾಗಿಯೇ ದೊರೆಯುತ್ತದೆ. ಅಗಸೆಯನ್ನು ಹಸಿಯಾಗಿ ತಿನ್ನದೆ ಹುರಿದು ಬಳಸಬೇಕು. ಹಸಿ ಬೀಜದಲ್ಲಿ ಸಯನೈಡ್ ಬಿಡುಗಡೆ ಮಾಡುವ ಪದಾರ್ಥ ಸ್ವಲ್ಪ ಇರುತ್ತದೆ. ಇಡಿಯ ಬೀಜ ಬಹುಕಾಲ ಕೆಡದು, ಕುಟ್ಟಿದ ಪುಡಿ ಬೇಗ ಕೆಡುತ್ತದೆ. ಆದ್ದರಿಂದ ಒಂದು ವಾರಕ್ಕೆ ಸಾಕಾಗುವಷ್ಟನ್ನೇ ಕುಟ್ಟಿಟ್ಟುಕೊಳ್ಳುವುದು ಲೇಸು.

ಕಾವಲಿನ ವ್ಯವಸ್ಥೆ

ಈಗ ಕಿಡಿಗಳ ವಿಚಾರಕ್ಕೆ ಬರೋಣ. ಜೀವಕೋಶವು ಆಮ್ಲಜನಕವನ್ನು ಬಳಸುವಾಗ ಅದರ ಒಂದು ಸಣ್ಣ ಭಾಗ ಅರೆಬೆಂದಂತೆ ಹೊರಬೀಳುತ್ತದೆ. ಇದಕ್ಕೆ ಸೂಪರಾಕ್ಸೈಡ್ ಎಂದು ಹೆಸರು. ಇದನ್ನು ಅಡಗಿಸುವ ಕಿಣ್ವವೊಂದು ಇದೆಯೆಂದು 1969ರಲ್ಲಿ ಅಮೆರಿಕೆಯ ಮೆಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿಕೊಟ್ಟರು. ಈ ಕಿಣ್ವ ಸೂಪರಾಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಅದೂ ಅಪಾಯದ್ದೇ ಆದುದರಿಂದ ಕೆಟಲೇಸ್ ಎಂಬ ಮತ್ತೊಂದು ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಕೆಟಲೇಸ್ ಯಕೃತ್ತಿನಲ್ಲಿ ಬಹಳವಾಗಿದೆ. ಕುರಿಯ ಹಸಿ ಯಕೃತ್ತಿನ ತುಣುಕಿನ ಮೇಲೆ ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕು ಹನಿ ಬಿಟ್ಟರೆ ಬುಸುಬುಸು ನೊರೆ ಏಳುವುದನ್ನು ಶಾಲೆಯ ಮಕ್ಕಳಿಗೂ ತೋರಿಸಬಹುದು.

ಈ ಎರಡರಿಂದ ತಪ್ಪಿಸಿಕೊಂಡ ಕಿಡಿ ಪೊರೆಯ ಕೊಬ್ಬಿನಾಮ್ಲಕ್ಕೆ ತಗುಲಿದರೆ ಅಲ್ಲಿ ವಿಟಮಿನ್ ‘ಇ’ ಕಾಯುತ್ತಿರುತ್ತದೆ. 1922ರಲ್ಲಿ ಇವಾನ್ಸ್ ಮತ್ತು ಬಿಷಪ್ ಕಂಡುಹಿಡಿದ ಈ ವಿಟಮಿನ್ ಜಿಡ್ಡಿನಲ್ಲಿ ಕರಗುವಂತಹುದು. ಪೊರೆಯೊಳಗೇ ಅದರ ವಾಸ. ಉರಿಯುವ ಕೊಬ್ಬಿನಾಮ್ಲಕ್ಕೆ ತನ್ನ ಜಲಜನಕವನ್ನೇ ಕೊಟ್ಟು ಸರಪಣಿಯ ಓಟವನ್ನು ಅಲ್ಲಿಗೆ ನಿಲ್ಲಿಸುತ್ತದೆ. ಬಣವೆಗಳ ನಡುವೆ ಉತ್ತು ಬಿಟ್ಟ ಖಾಲಿ ಪಟ್ಟೆ ಬೆಂಕಿಯನ್ನು ತಡೆಯುವಂತೆ ಎನ್ನಬಹುದು. ಸಸ್ಯಗಳು ಇದನ್ನು ನಮಗೋಸ್ಕರ ಮಾಡಿಟ್ಟದ್ದೇನೂ ಅಲ್ಲ. ಬೀಜದ ಜಿಡ್ಡು ಕೆಡದೆ ಮುಂದಿನ ಹಂಗಾಮಿಗೆ ಮೊಳೆಯಬೇಕಲ್ಲ, ಅದಕ್ಕಾಗಿ ಮಾಡಿಕೊಂಡ ಏರ್ಪಾಡು ಅದು. ಹಳೆಯ ಎಣ್ಣೆಕಾಳಿನ ಬಿತ್ತನೆ ಬೀಜ ಸರಿಯಾಗಿ ಮೊಳೆಯದಿರುವುದಕ್ಕೆ ಈ ಕಾವಲು ಸೋತು ಪೊರೆಗಳು ಕಮಟಾಗುವುದೂ ಒಂದು ಕಾರಣ.

ಯಕೃತ್ತಿನ ದೊಡ್ಡ ಕಾವಲುಗಾರ ಗ್ಲುಟಥಯೋನ್. ಮೂರು ಅಮೈನೋ ಆಮ್ಲಗಳು ಸೇರಿ ಆದ ಈ ಸಣ್ಣ ಪದಾರ್ಥ ದೇಹದ ಬೇರೆ ಅಂಗಗಳಿಗಿಂತ ಯಕೃತ್ತಿನಲ್ಲಿ ಹೆಚ್ಚಾಗಿದೆ. ಅಲ್ಲಿಯೇ ತಯಾರಾಗಿ ಉಳಿದ ಅಂಗಗಳಿಗೂ ಹೋಗುತ್ತದೆ. ಮೂರರಲ್ಲಿ ಸಿಸ್ಟೀನ್ ಎಂಬುದು ಗಂಧಕವಿರುವ ಅಮೈನೋ ಆಮ್ಲ. ಊಟದಲ್ಲಿ ಸಸಾರಜನಕ ಕಡಿಮೆಯಾದರೆ ಇದಕ್ಕೆ ಕೊರತೆ ಬೀಳುತ್ತದೆ. ಬೇಳೆಯ ಜೊತೆಗೆ ಅಕ್ಕಿ, ರಾಗಿ, ಜೋಳ ಸೇರಿಸಿ ಉಣ್ಣಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಬೇಳೆಯಲ್ಲಿ ಗಂಧಕದ ಅಮೈನೋ ಆಮ್ಲಗಳು ಕಡಿಮೆ, ಧಾನ್ಯದಲ್ಲಿ ಹೆಚ್ಚು.

ಈ ಕಾವಲು ಮುರಿದರೆ ಆಗುವುದೇನೆಂಬುದನ್ನು ಕ್ಲಾಸ್ ಶ್ವಾರ್ಟ್ಸ್ ಎಂಬ ವಿಜ್ಞಾನಿಯ ಪ್ರಯೋಗ ಚೆನ್ನಾಗಿ ತೋರಿಸುತ್ತದೆ. ಟೊರುಲಾ ಎಂಬ ಬಗೆಯ ಯೀಸ್ಟನ್ನೇ ಸಸಾರಜನಕದ ಮೂಲವಾಗಿ ಕೊಟ್ಟ ಇಲಿಗಳು ಕೆಲವೇ ವಾರಗಳಲ್ಲಿ ಯಕೃತ್ತು ಕೊಳೆತು ಸತ್ತವು. ವಿಟಮಿನ್ ‘ಇ’ ಕೊಟ್ಟರೆ ಬದುಕಿದವು. ಬೇರೆ ಬಗೆಯ ಯೀಸ್ಟ್ ಕೊಟ್ಟರೂ ಬದುಕಿದವು! ಆ ಯೀಸ್ಟಿನಲ್ಲಿದ್ದ ರಕ್ಷಕ ವಸ್ತುವನ್ನು ‘ಮೂರನೆಯ ಅಂಶ’ ಎಂದು ಕರೆದು ಹುಡುಕುತ್ತಾ ಹೋಗಿ, 1957ರಲ್ಲಿ ಅದು ಸೆಲೀನಿಯಂ ಎಂದು ಗುರುತಿಸಿದರು. ಅಲ್ಲಿಯವರೆಗೆ ಸೆಲೀನಿಯಂ ಎಂದರೆ ದನಗಳ ಗೊರಸು ಉದುರಿಸುವ ವಿಷವೆಂದಷ್ಟೇ ಹೆಸರಾಗಿತ್ತು. ಗ್ಲುಟಥಯೋನನ್ನು ಬಳಸಿ ಕಮಟು ಜಿಡ್ಡನ್ನು ಸರಿಪಡಿಸುವ ಕಿಣ್ವದಲ್ಲಿ ಈ ಸೆಲೀನಿಯಂ ಒಂದು ಅಂಗವೆಂದು 1973ರಲ್ಲಿ ತಿಳಿಯಿತು. ಬೇಸಾಯಶಾಸ್ತ್ರದವನಾದ ನನಗೆ ಇದು ಬಹಳ ಅರ್ಥವತ್ತಾಗಿ ಕಾಣುತ್ತದೆ. ಮಣ್ಣಿನ ಒಂದು ಲೇಶ ಖನಿಜ ಬೆಳೆಗೆ ಬಂದು, ಬೆಳೆಯಿಂದ ಯಕೃತ್ತಿಗೆ ಹೋಗಿ ಅಲ್ಲಿಯ ಜಿಡ್ಡನ್ನು ಕಾಯುತ್ತದೆ. ಹಾಗೆಂದು ಯಾರೂ ಸೆಲೀನಿಯಂ ತಂದು ಹೊಲಕ್ಕೆ ಹಾಕಬಾರದು. ಪಂಜಾಬಿನ ನವಾನ್‌ಶಹರ್ ಮತ್ತು ಹೋಷಿಯಾರ್‌ಪುರ ಕಡೆಯ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಅದು ಹೆಚ್ಚಾಗಿ, ಮೇವು ತಿಂದ ದನಗಳ ಗೊರಸು ಕಳಚಿಬಿದ್ದ ನಿದರ್ಶನವಿದೆ. ಕೊರತೆಗೂ ವಿಷಕ್ಕೂ ನಡುವಿನ ಅಂತರ ಇಲ್ಲಿ ಬಲು ಕಿರಿದು.

ಇನ್ನೊಂದು ವಿಚಿತ್ರವಿದೆ. ಲಿನೋಲಿಕ್ ಕುಲದ ಕೊಬ್ಬಿನಾಮ್ಲ ಒಡೆದಾಗ ಹೈಡ್ರಾಕ್ಸಿನೋನಿನಾಲ್ ಎಂಬ ಚೂರು ಹುಟ್ಟುತ್ತದೆ. ಹೆಚ್ಚಾದರೆ ಇದು ಜೀವಕೋಶವನ್ನು ಕೊಲ್ಲುವ ವಿಷ. ಆದರೆ ಅತ್ಯಲ್ಪವಾಗಿದ್ದಾಗ ಇದೇ ಎಚ್ಚರಿಕೆಯ ಗಂಟೆಯಾಗುತ್ತದೆ. ಯಕೃತ್ತಿನ ಜೀವಕೋಶದಲ್ಲಿ ಕೀಪ್-1 ಎಂಬ ಪ್ರೋಟೀನು ಎನ್‌ಆರ್‌ಎಫ್-2 ಎಂಬ ಇನ್ನೊಂದನ್ನು ಕಟ್ಟಿಹಾಕಿಕೊಂಡಿರುತ್ತದೆ. ಈ ಚೂರು ತಗುಲಿದ ಕೂಡಲೇ ಕಟ್ಟು ಸಡಿಲವಾಗಿ, ಬಿಡುಗಡೆಯಾದ ಪ್ರೋಟೀನು ಜೀವಕೋಶದ ಕೇಂದ್ರಕ್ಕೆ ಹೋಗಿ ಗ್ಲುಟಥಯೋನ್ ತಯಾರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. 1990ರ ದಶಕದಲ್ಲಿ ಮುಖ್ಯವಾಗಿ ಜಪಾನಿನ ವಿಜ್ಞಾನಿಗಳಿಂದ ಇದು ಬೆಳಕಿಗೆ ಬಂದಿತು. ಹೊಲದಲ್ಲಿಯೂ ಅಷ್ಟೇ, ಎಳೆಯದರಲ್ಲಿ ಸ್ವಲ್ಪ ನೀರಿನ ಕೊರತೆ ಕಂಡ ಕಡಲೆಕಾಯಿ ಬೇರನ್ನು ಆಳಕ್ಕಿಳಿಸುತ್ತದೆ. ಪೂರ್ತಿ ಒಣಗಿಸಿದರೆ ಸಾಯುತ್ತದೆ.

ಎಳ್ಳಿನ ವಿಶೇಷ

ಎಳ್ಳೆಣ್ಣೆ ಏಕೆ ಕೆಡದು ಎಂದು ಆರಂಭದಲ್ಲಿ ಕೇಳಿದೆವಷ್ಟೆ. ಅದರಲ್ಲಿಯೂ ಲಿನೋಲಿಕ್ ಆಮ್ಲ ನೂರಕ್ಕೆ ನಲವತ್ತರಷ್ಟಿದೆ. ಲೆಕ್ಕದ ಪ್ರಕಾರ ಬೇಗ ಕೆಡಬೇಕಾಗಿತ್ತು. ಕಾಪಾಡುವುದು ಅದರಲ್ಲಿರುವ ಸೆಸಮಿನ್, ಸೆಸಮೋಲಿನ್ ಎಂಬ ವಿಶೇಷ ಪದಾರ್ಥಗಳು ಮತ್ತು ವಿಟಮಿನ್ ‘ಇ’. ಎಳ್ಳನ್ನು ಹುರಿದಾಗ ಸೆಸಮೋಲಿನ್ ಒಡೆದು ಸೆಸಮೋಲ್ ಆಗುತ್ತದೆ. ಇದು ಬಲವಾದ ಉತ್ಕರ್ಷಣ ನಿರೋಧಕ. ಸೆಸಮಿನ್‌ನದು ಬೇರೆಯೇ ಕೆಲಸ. ನಮ್ಮ ಯಕೃತ್ತಿನಲ್ಲಿ ವಿಟಮಿನ್ ‘ಇ’ಯನ್ನು ಒಡೆದು ಹೊರಗೆ ಹಾಕುವ ಒಂದು ಕಿಣ್ವವಿದೆ; ಸೆಸಮಿನ್ ಅದನ್ನು ತಡೆಹಿಡಿಯುತ್ತದೆ. ಹೀಗಾಗಿ ತಿಂದ ವಿಟಮಿನ್ ಹೆಚ್ಚು ಹೊತ್ತು ದೇಹದಲ್ಲಿ ನಿಲ್ಲುತ್ತದೆ. ಇಲಿಗಳಲ್ಲಿಯೂ ಮನುಷ್ಯರಲ್ಲಿಯೂ ಇದನ್ನು ಕಂಡಿದ್ದಾರೆ. ಕಾವಲುಗಾರನನ್ನು ಹೊಸದಾಗಿ ನೇಮಿಸುವುದಕ್ಕಿಂತ ಇದ್ದವನನ್ನು ಉಳಿಸಿಕೊಳ್ಳುವ ಉಪಾಯ ಇದು.

ಅಕ್ಕಿ ತವುಡಿನ ಎಣ್ಣೆಯಲ್ಲಿಯೂ ಒರೈಜನಾಲ್ ಎಂಬ ಇಂತಹ ಪದಾರ್ಥವುಂಟು. ಆದರೆ ಗಿರಣಿಯಿಂದ ಬಂದ ತವುಡನ್ನು ಕೂಡಲೇ ಬಿಸಿ ಮಾಡಿ ಅದರ ಕಿಣ್ವವನ್ನು ಸಾಯಿಸದಿದ್ದರೆ ದಿನಗಳಲ್ಲಿಯೇ ಜಿಡ್ಡು ಕೆಡುವುದರಿಂದ ಅದು ಕಾರ್ಖಾನೆಯವರ ಕೆಲಸ. ಕಡಲೆಕಾಯಿಯಲ್ಲಿ ಓಲಿಕ್ ಆಮ್ಲ ಶೇಕಡಾ 80ರ ಹತ್ತಿರವಿರುವ ಗಿರ್ನಾರ್-4 ಮತ್ತು ಗಿರ್ನಾರ್-5 ತಳಿಗಳು 2020ರಲ್ಲಿ ಬಿಡುಗಡೆಯಾಗಿವೆ. ಇವುಗಳ ಬೀಜ ಮತ್ತು ಎಣ್ಣೆ ಹೆಚ್ಚು ಕಾಲ ಕೆಡದಿರುವುದು ಜೋಡಿ ಬಂಧದ ಲೆಕ್ಕದಿಂದಲೇ ತಿಳಿಯುತ್ತದೆ.

ಮನೆಬಳಕೆಗೆ ಎಣ್ಣೆಯನ್ನು ಸಣ್ಣ ಡಬ್ಬಿಗಳಲ್ಲಿ ಕಂಠದವರೆಗೆ ತುಂಬಿ ಕತ್ತಲಲ್ಲಿಡಿ. ತಾಮ್ರ, ಹಿತ್ತಾಳೆಯ ಪಾತ್ರೆ ಬೇಡ. ತಾಮ್ರದ ಅಂಶ ಉತ್ಕರ್ಷಣವನ್ನು ಬಹಳವಾಗಿ ಚುರುಕುಗೊಳಿಸುತ್ತದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ತರವಲ್ಲ.

ಇಷ್ಟು ಓದಿದ ಮೇಲೆ ಉತ್ಕರ್ಷಣ ನಿರೋಧಕ ಗುಳಿಗೆಗಳನ್ನು ಕೊಂಡು ನುಂಗಬೇಕೆಂದು ಯಾರಿಗಾದರೂ ಅನಿಸಿದರೆ, ಬೇಡವೆಂದೇ ನನ್ನ ಅಭಿಪ್ರಾಯ. ಫಿನ್‌ಲೆಂಡಿನಲ್ಲಿ ಬೀಟಾ ಕೆರೋಟಿನ್ ಗುಳಿಗೆ ಕೊಟ್ಟ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಯಿತೆಂದು 1994ರಲ್ಲಿ ವರದಿಯಾಯಿತು. ಯಕೃತ್ತಿನಲ್ಲಿ ಕೊಬ್ಬು ತುಂಬಿ ಊದಿಕೊಂಡ ಕೆಲವು ರೋಗಿಗಳಿಗೆ ವಿಟಮಿನ್ ‘ಇ’ಯಿಂದ ಗುಣ ಕಂಡಿತೆಂದು 2010ರ ಒಂದು ಅಮೆರಿಕನ್ ಪ್ರಯೋಗ ತೋರಿಸಿದ್ದು ನಿಜ. ಅದು ವೈದ್ಯರು ನೋಡಿ ಕೊಡಬೇಕಾದ ಔಷಧ. ಈಗಿನ ಹುಡುಗರು ಯಾವುದಕ್ಕೆ ‘ಎಣ್ಣೆ’ ಎನ್ನುತ್ತಾರೋ ಅದು ಯಕೃತ್ತಿನಲ್ಲಿ ಕಿಡಿ ಹೆಚ್ಚಿಸಿ ಗ್ಲುಟಥಯೋನನ್ನು ಬರಿದು ಮಾಡುತ್ತದೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಕಾವಲನ್ನು ಮುರಿಯುವ ಬೂಷ್ಟು

ಈಗ ಮುಖ್ಯ ವಿಷಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳುಗಳಲ್ಲಿ ಸತ್ತವು. ರೋಗಾಣು ಸಿಕ್ಕಲಿಲ್ಲ. ಎಲ್ಲ ಕೋಳಿಗಳ ಯಕೃತ್ತೂ ಕೆಟ್ಟಿತ್ತು. ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಷ್ಟು ಬೆಳೆದು ವಿಷ ಮಾಡಿತ್ತೆಂದು ಆಮೇಲೆ ತಿಳಿಯಿತು. ಆ ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. 1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿಯೂ ಕಡಲೆಕಾಯಿ ಹಿಂಡಿ ತಿಂದ ಕೋಳಿಮರಿಗಳು ಹೀಗೆ ಸತ್ತುದುಂಟು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದ ಜನರಿಗೆ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದೇ ಜೋಳ ತಿಂದ ಮನೆಯ ನಾಯಿಗಳೂ ಸತ್ತವು. 2004ರಲ್ಲಿ ಕೀನ್ಯಾ ದೇಶದಲ್ಲಿ 125 ಜನರು ಇದೇ ರೀತಿ ಮರಣಹೊಂದಿದರು.

ಈ ವಿಷ ಯಕೃತ್ತಿಗೆ ಹೋದಾಗ ಅಲ್ಲಿಯ ಕಿಣ್ವಗಳೇ ಅದನ್ನು ಹೊರಗೆ ಹಾಕಲು ಹೋಗಿ ಇನ್ನೂ ಉಗ್ರವಾದ ರೂಪಕ್ಕೆ ತಿರುಗಿಸುತ್ತವೆ. ಆ ರೂಪ ಜೀವಕೋಶದ ವಂಶವಾಹಿಗೆ ಅಂಟಿಕೊಂಡು ಕ್ಯಾನ್ಸರಿಗೆ ಬೀಜ ಬಿತ್ತುತ್ತದೆ. ಅಂಟಿಕೊಳ್ಳುವ ಮೊದಲೇ ಗ್ಲುಟಥಯೋನ್ ಅದನ್ನು ಹಿಡಿದು ತನ್ನೊಡನೆ ಕಟ್ಟಿಕೊಂಡು ಹೊರಗೆ ಸಾಗಿಸಬಲ್ಲುದು. ಹೀಗೆ ಕಟ್ಟಿಕೊಳ್ಳುವ ಕಿಣ್ವ ಚುರುಕಾಗಿರುವ ಸುಂಡಿಲಿ ಈ ವಿಷವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ; ಅದು ದುರ್ಬಲವಾಗಿರುವ ಟರ್ಕಿ ಕೋಳಿ ಸಾಯುತ್ತದೆ. ನಾವು ನಡುವೆ ಎಲ್ಲಿಯೋ ಇದ್ದೇವೆ. ಪ್ರತಿಸಲವೂ ಗ್ಲುಟಥಯೋನ್ ಖರ್ಚಾಗುತ್ತಲೇ ಹೋಗುವುದರಿಂದ ಅರೆಹೊಟ್ಟೆಯವರಿಗೆ, ಮಕ್ಕಳಿಗೆ, ಮದ್ಯ ಸೇವಿಸುವವರಿಗೆ ಅಪಾಯ ಹೆಚ್ಚು. ಹೆಪಟೈಟಿಸ್-ಬಿ ಸೋಂಕು ಇದ್ದವರಿಗಂತೂ ಯಕೃತ್ತಿನ ಕ್ಯಾನ್ಸರಿನ ಸಂಭವ ಹಲವು ಪಟ್ಟು ಏರುತ್ತದೆ. ಮಕ್ಕಳಿಗೆ ಆ ಲಸಿಕೆಯನ್ನು ತಪ್ಪದೆ ಹಾಕಿಸಿರಿ.

ನಮ್ಮ ದೇಶದ ಕಾನೂನಿನಂತೆ ಸಂಸ್ಕರಣೆಗೆ ಹೋಗುವ ಕಡಲೆಕಾಯಿ ಬೀಜದಲ್ಲಿ ಅಫ್ಲಟಾಕ್ಸಿನ್ ಕಿಲೋಗ್ರಾಂಗೆ 15 ಮೈಕ್ರೋಗ್ರಾಂ ಮೀರಬಾರದು. ಎಂದರೆ ಸುಮಾರು 66 ಟನ್ ಬೀಜಕ್ಕೆ ಒಂದೇ ಒಂದು ಗ್ರಾಂ. ಚೀಲವೊಂದರಲ್ಲಿ ಕೆಲವೇ ಬೀಜಗಳು ಕೆಟ್ಟಿದ್ದರೂ ಮಿತಿ ದಾಟಲು ಸಾಕು. ಹುರಿದರೆ ವಿಷ ಸ್ವಲ್ಪ ಕಡಿಮೆಯಾಗುವುದೇ ಹೊರತು ಪೂರ್ತಿ ಹೋಗದು, ಬೇಯಿಸಿದರೂ ಅಷ್ಟೇ. ಎಣ್ಣೆ ತೆಗೆದಾಗ ಹೆಚ್ಚಿನ ವಿಷ ಹಿಂಡಿಯಲ್ಲಿ ಉಳಿಯುತ್ತದೆ. ಆದರೂ ಸೋಸದ ಗಾಣದ ಎಣ್ಣೆಯಲ್ಲಿ ಗಸಿಯ ಜೊತೆಗೆ ಸ್ವಲ್ಪ ಬಂದೇ ಬರುತ್ತದೆ. ಗಾಣದ ಎಣ್ಣೆಯ ಮೇಲೆ ಈಗ ಜನರಿಗೆ ಮತ್ತೆ ಒಲವು ಹುಟ್ಟಿದೆ. ಒಳ್ಳೆಯದೇ, ಆದರೆ ಗಾಣಕ್ಕೆ ಹಾಕುವ ಬೀಜ ಊಟಕ್ಕೆ ಆರಿಸಿದಷ್ಟೇ ಚೊಕ್ಕವಾಗಿರಬೇಕು. ಮುರುಟಿದ, ಬಣ್ಣಗೆಟ್ಟ ಬೀಜ ‘ಗಾಣಕ್ಕಾಯಿತು’ ಎನ್ನುವ ರೂಢಿಯನ್ನು ಬಿಡಬೇಕು.

ಹೊಲದಿಂದ ಉಗ್ರಾಣದವರೆಗೆ

ಬೂಷ್ಟು ಮಣ್ಣಿನಲ್ಲಿಯೇ ಇರುತ್ತದೆ. ಕಾಯಿ ಬಲಿಯುವ ಕೊನೆಯ ಮೂರರಿಂದ ಆರು ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದರೆ ಅದು ಕಾಯಿಯೊಳಗೆ ನುಗ್ಗುತ್ತದೆ. ಪಾವಗಡ, ಶಿರಾ, ಚಳ್ಳಕೆರೆಯ ಕಡೆ ಇಂತಹ ವರ್ಷಗಳು ಅಪರೂಪವಲ್ಲ. ಕೃಷಿ ಹೊಂಡದಲ್ಲಿ ಒಂದು ನೀರಿಗಾಗುವಷ್ಟು ಉಳಿದಿದ್ದರೆ ಈ ಕಾಲಕ್ಕೆ ಕೊಡಿ. ಇಳುವರಿಗೂ ಅದೇ ಒಳ್ಳೆಯದು. ಹೆಕ್ಟೇರಿಗೆ 500 ಕಿ.ಗ್ರಾಂ ಜಿಪ್ಸಂ ಅನ್ನು ಹೂ ಬಿಡುವ ಸಮಯಕ್ಕೆ ಕೊಟ್ಟು ಮಣ್ಣು ಏರಿಸಿದರೆ ಸುಣ್ಣದ ಅಂಶದಿಂದ ಸಿಪ್ಪೆ ಗಟ್ಟಿಯಾಗುತ್ತದೆ. ಊಡು ಇಳಿದ ಮೇಲೆ ಎಡೆ ಹೊಡೆದು ಕಾಯಿಗೆ ಗಾಯ ಮಾಡಬಾರದು. ಗೆದ್ದಲು ಕೊರೆದ ಕಾಯಿಗೆ ಬೂಷ್ಟು ಸುಲಭವಾಗಿ ಹತ್ತುವುದರಿಂದ ಗೆದ್ದಲಿನ ಹತೋಟಿಯೂ ಮುಖ್ಯ. ಟ್ರೈಕೋಡರ್ಮಾವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬಿತ್ತನೆಗೆ ಮೊದಲು ಹಾಕುವುದರಿಂದಲೂ ಪ್ರಯೋಜನವಿದೆ.

ನಾಲ್ಕಾರು ಗಿಡ ಕಿತ್ತು ಕಾಯಿ ಒಡೆದು ನೋಡಿ. ನೂರಕ್ಕೆ 75ರಿಂದ 80 ಕಾಯಿಗಳ ಸಿಪ್ಪೆಯ ಒಳಮೈ ಕಪ್ಪಾಗಿದ್ದರೆ ಕೀಳುವ ಕಾಲ ಬಂದಿತೆಂದು ತಿಳಿಯಿರಿ. ಕಿತ್ತ ಗಿಡಗಳನ್ನು ಹಸಿಯಾಗಿಯೇ ಮೆದೆ ಹಾಕಬೇಡಿ, ಒಳಗೆ ಕಾವು ಹುಟ್ಟುತ್ತದೆ. ಕಾಯಿ ಮೇಲ್ಮುಖವಾಗಿ ಬಿಸಿಲಿಗೆ ಬರುವಂತೆ ಗಿಡಗಳನ್ನು ತಲೆಕೆಳಗಾಗಿ ಸಾಲಿನಲ್ಲಿ ಹರಡಿ. ಬಿಡಿಸಿದ ಕಾಯಿಯನ್ನು ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ ಮತ್ತೆ ಒಣಗಿಸಿ. ಅಲ್ಲಾಡಿಸಿದರೆ ಬೀಜ ಗಿಲಕಿಯಂತೆ ಸದ್ದು ಮಾಡಬೇಕು, ಬೀಜವನ್ನು ತಿಕ್ಕಿದರೆ ಕೆಂಪು ಹೊಟ್ಟು ಬಿಡಬೇಕು. ಆಗ ಕಾಯಿಯ ತೇವಾಂಶ ಶೇಕಡಾ 8ರ ಸುಮಾರಿಗೆ ಇಳಿದಿರುತ್ತದೆ. ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ನೆನೆದ ಕಾಯಿಯನ್ನು ಬೇರೆಯಾಗಿಯೇ ಇಟ್ಟು ಬೇರೆಯಾಗಿಯೇ ಮಾರಿ.

ಎರಡು ರೂಢಿಗಳನ್ನು ನಾನು ಖಂಡಿಸಲೇಬೇಕಾಗಿದೆ. ಒಂದು, ನೆಲದಲ್ಲಿ ಉಳಿದ ಕಾಯಿಯನ್ನು ಆಮೇಲೆ ಅಗೆದು ಆರಿಸಿ ತಂದು ಒಳ್ಳೆಯ ರಾಶಿಗೆ ಸುರಿಯುವುದು. ಮಣ್ಣಿನಲ್ಲಿ ಹೆಚ್ಚು ದಿನ ಕೂತ ಈ ಕಾಯಿಯಲ್ಲಿಯೇ ವಿಷ ಅತಿ ಹೆಚ್ಚು. ಇನ್ನೊಂದು, ಯಂತ್ರದಲ್ಲಿ ಬಿಡಿಸುವಾಗ ಬೀಜ ಒಡೆಯದಿರಲೆಂದು ಒಣಗಿದ ಕಾಯಿಗೆ ನೀರು ಚಿಮುಕಿಸುವುದು; ತೂಕ ಹೆಚ್ಚುವ ಆಸೆಯೂ ಇದರ ಹಿಂದೆ ಇಲ್ಲದಿಲ್ಲ. ಒಂದು ವಾರ ಬಿಸಿಲಿನಲ್ಲಿ ಪಟ್ಟ ಶ್ರಮವನ್ನು ಒಂದು ಬಿಂದಿಗೆ ನೀರು ಹಾಳುಮಾಡುತ್ತದೆ. ಒಣಗಿದ ಕಾಯಿಯನ್ನು ಗೋಣಿಚೀಲಗಳಲ್ಲಿ ತುಂಬಿ, ಹಲಗೆಗಳ ಮೇಲೆ, ಗೋಡೆಯಿಂದ ದೂರವಾಗಿ ಪೇರಿಸಿಡಿ. ಆದಷ್ಟೂ ಕಾಯಿಯ ರೂಪದಲ್ಲಿಯೇ ಇಟ್ಟುಕೊಂಡು ಬೇಕಾದಾಗ ಬಿಡಿಸಿ. ಬೀಜ ಆರಿಸುವಾಗ ಮುರುಟಿದ್ದು, ಬಣ್ಣಗೆಟ್ಟದ್ದು, ಹಸಿರು ಪುಡಿ ಹಿಡಿದದ್ದು ಸಿಕ್ಕರೆ ಕೋಳಿಗೂ ಹಾಕದೆ ಸುಟ್ಟುಬಿಡಿ. ಬಾಯಿಗೆ ಕಹಿಯಾದ ಬೀಜವನ್ನು ನುಂಗದೆ ಉಗುಳಲು ಮಕ್ಕಳಿಗೆ ಹೇಳಿಕೊಡಿ.

ಕೊನೆಗೆ ಹಸುವಿನ ವಿಚಾರ. ಬೂಷ್ಟು ಹಿಡಿದ ಹಿಂಡಿಯನ್ನು ದನಕ್ಕೆ ಹಾಕಿದರೆ ವಿಷ ಅದರ ಯಕೃತ್ತಿನಲ್ಲಿ ಎಂ-1 ಎಂಬ ರೂಪಕ್ಕೆ ತಿರುಗಿ ಹಾಲಿನಲ್ಲಿ ಇಳಿಯುತ್ತದೆ. ತಿಂದ ವಿಷದಲ್ಲಿ ನೂರಕ್ಕೆ ಕೆಲವೇ ಭಾಗ ಹೀಗೆ ಬರುವುದಾದರೂ ಹಾಲು ಕುಡಿಯುವವರು ಎಳೆಯ ಮಕ್ಕಳಾದುದರಿಂದ ಹಾಲಿನ ಮಿತಿಯನ್ನು ಕಿಲೋಗ್ರಾಂಗೆ 0.5 ಮೈಕ್ರೋಗ್ರಾಂ ಎಂದು ಬಹಳ ಬಿಗಿಯಾಗಿ ಇಟ್ಟಿದ್ದಾರೆ. ಕಾಯಿಸಿದರೆ ಇದು ಹೋಗುವುದಿಲ್ಲ, ಮೊಸರು ಮಾಡಿದರೂ ಹೋಗುವುದಿಲ್ಲ. ಹಿಂಡಿಯನ್ನು ಕೊಳ್ಳುವಾಗ ಮುರಿದು ಒಳಗೆ ನೋಡಿ, ಮೂಸಿ ನೋಡಿ. ಮಳೆಗಾಲಕ್ಕೆಂದು ಒಟ್ಟಿಗೆ ಹೆಚ್ಚು ತಂದು ಕೂಡಿಡಬೇಡಿ. ಕೆಟ್ಟ ಹಿಂಡಿ ಹಾಕಿದ್ದು ಗೊತ್ತಾದ ಕೂಡಲೇ ಅದನ್ನು ನಿಲ್ಲಿಸಿ ಬೇರೆ ಮೇವು ಕೊಟ್ಟರೆ ಮೂರು ನಾಲ್ಕು ದಿನಗಳಲ್ಲಿ ಹಾಲು ಮತ್ತೆ ಶುದ್ಧವಾಗುತ್ತದೆ. ಅಷ್ಟು ದಿನ ಆ ಹಾಲನ್ನು ಮಕ್ಕಳಿಗೂ ಕೊಡಬೇಡಿ, ಡೈರಿಗೂ ಹಾಕಬೇಡಿ.